ಆಷಾಢದಲ್ಲಿ ನೋಡಿದ ಮನೆ

ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಆದ್ದರಿಂದ ಮನೆ ನೋಡುವುದಕ್ಕೆ ಅದೇ ಪುರುಸೊತ್ತಿನ ತಿಂಗಳೆಂದು ಈರೇಶ್ ಹೆಂಡತಿ ಶಾಂತಕುಮಾರಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಚಳ್ಳಕೆರೆಯ ಹೊಸ ಬಡಾವಣೆಗಳನ್ನೆಲ್ಲ ಸುತ್ತಿಸಿದ್ದ. ಕೊನೆಗೆ ಕೆರೆ ಏರಿಯ ಕೆಳಗೆ, ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದ ತಗ್ಗಿನಲ್ಲಿ ಒಂದು ಮನೆ ಸಿಕ್ಕಿತು. ಪಡುವಣ ಗಾಳಿ ನೀರಿನ ಮೇಲಿಂದ ಓಡಿಬಂದು, ಏರಿ ಹಾರಿ, ಅವಳ ಸೆರಗನ್ನು ಮುಖಕ್ಕೆ ಬಡಿಯಿತು.

"ನೋಡಿದ್ಯಾ? ಫ್ಯಾನೇ ಬ್ಯಾಡ ಇಲ್ಲಿ," ಎಂದ ಈರೇಶ್.

ಏಳು ವರ್ಷದ ಮಗಳು ಶಿಲ್ಪಳ ಉಬ್ಬಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಶಾಂತಕುಮಾರಿಗೂ ಅನ್ನಿಸಿತ್ತು. ಶ್ರಾವಣದಲ್ಲಿ ಹಾಲುಕ್ಕಿಸಿದರು.

ದೀಪಾವಳಿ ಕಳೆದದ್ದೇ ಗಾಳಿ ಬಿದ್ದುಹೋಯಿತು. ಹೊಸ ಶೇಂಗಾ ಬಂದು ಮೂಡಣ ದಿಕ್ಕಿನ ಎಣ್ಣೆ ಮಿಲ್ಲುಗಳು ಬಿಡುವಿಲ್ಲದೆ ಓಡತೊಡಗಿದವು. ಬಾಯ್ಲರಿಗೆ ಹಾಕಿದ ಶೇಂಗಾ ಹೊಟ್ಟಿನ ಹೊಗೆ ಚಳಿಗೆ ಮೇಲೇಳಲಾರದೆ ತಗ್ಗಿಗೆ ಇಳಿದು, ಏರಿಗೆ ತಾಗಿ, ಅಲ್ಲೇ ಕುಳಿತುಬಿಡುತ್ತಿತ್ತು. ಬಿಸಿಲು ಬಲಿಯುವವರೆಗೂ ಕದಲುತ್ತಿರಲಿಲ್ಲ. ಆಷಾಢದಲ್ಲೂ ಮಿಲ್ಲುಗಳಿದ್ದವು, ಹೊಗೆಯನ್ನು ಗಾಳಿ ಆಚೆಯ ಹೊಲಗಳಿಗೆ ಹೊತ್ತೊಯ್ಯುತ್ತಿತ್ತು, ಅಷ್ಟೇ. ಅದನ್ನು ಅಂದು ಯೋಚಿಸದಿದ್ದುದಕ್ಕೆ ಅವಳಿಗೆ ಗಂಡನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು.

ಮಗು ಮಲಗಿದಾಗ ಎದೆಯಿಂದ ಸಣ್ಣಗೆ ಸಿಳ್ಳೆ ಬರುತ್ತಿತ್ತು. ಶಾಂತಕುಮಾರಿ ಅದನ್ನು ಕೇಳುತ್ತ ಕೂರುವಳು. ಸಿಳ್ಳೆಗಿಂತ ಎರಡು ಸಿಳ್ಳೆಗಳ ನಡುವಿನ ನಿಶ್ಶಬ್ದ ಅವಳನ್ನು ಹೆಚ್ಚು ಹೆದರಿಸುತ್ತಿತ್ತು.

"ಚಳಿ ಮುಗಿಯೋ ತನಕ ಮಗೂನ ಆ ಹೊಗೆಯಿಂದ ಆಚೆ ಇಡ್ರಿ," ಎಂದರು ಡಾಕ್ಟರು.

ಮೊಳಕಾಲ್ಮುರು ರಸ್ತೆಯ ದಿಬ್ಬದ ಮೇಲೆ ಕುಲ್ಸುಮ್ ಬೀಯ ಮಾಳಿಗೆಯ ಎರಡು ಕೋಣೆ ಬಾಡಿಗೆಗೆ ಖಾಲಿ ಇದ್ದವು. ಶಾಂತಕುಮಾರಿ ಹೋಗಿ ಮಾತಾಡಿ ಬೀಗದಕೈ ತಂದಳು. ಅದನ್ನು ನೋಡಿ ಈರೇಶ್ ಹುಬ್ಬು ಗಂಟಿಕ್ಕಿದ.

"ಧನುರ್ಮಾಸ ಕಣೇ. ಈಗ ಯಾರಾದ್ರೂ ಮನೆ ಬದಲಾಯಿಸ್ತಾರಾ? ಸಂಕ್ರಾಂತಿ ಆಗ್ಲಿ."

"ಸಂಕ್ರಾಂತಿ ತನಕ ಅವಳು ಉಸಿರು ಬಿಗಿ ಹಿಡ್ಕೊಂಡಿರ್ಬೇಕಾ?"

"ಹಂಗಲ್ಲ..."

"ಮತ್ತೆ ಹೆಂಗೆ ರೀ? ಮನೆ ಬದಲಾಯಿಸಬಾರದ ತಿಂಗಳಾಗೆ ಮನೆ ನೋಡಿದ್ರಿ. ಈಗ ಬಿಡಬಾರದ ತಿಂಗಳಾಗೆ ಬಿಡಂಗಿಲ್ಲ ಅಂತೀರಿ. ಹೊಗೆಗೆ ಯಾವ ಮಾಸ ಐತೆ?"

"ಮೆಲ್ಲಗೆ ಮಾತಾಡು, ಪಕ್ಕದ ಮನೆಯೋರು ಕೇಳ್ತಾರೆ."

"ಕೇಳ್ಲಿ. ಅವರೂ ಕೆಮ್ತಾ ಕೂತವ್ರೆ."

ಅತ್ತೆ ದೊಡ್ಡಕ್ಕ ಗೋಡೆಗೊರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ದೇವಸಮುದ್ರದ ಕಡೆಯ ಕುರಿ ಕಾಯ್ದವರ ಮನೆಯವಳು, ಶಾಸ್ತ್ರ ತಪ್ಪುವವಳಲ್ಲ. ಅವಳೂ ಮಗನ ಕಡೆಯೇ ಎಂದುಕೊಂಡು ಶಾಂತಕುಮಾರಿ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು.

"ಒಲೆ ತಗಂಡು ಹೋಗಬ್ಯಾಡ," ಎಂದಳು ದೊಡ್ಡಕ್ಕ.

"ಏನತ್ತೆ?"

"ಒಲೆ ಬ್ಯಾಡ, ಪೊರಕೆ ಬ್ಯಾಡ, ದೇವರ ಫೋಟ ಬ್ಯಾಡ. ಅಲ್ಲಿ ಹಾಲು ಉಕ್ಕಿಸಬ್ಯಾಡ. ನೆಂಟರ ಮನೆಗೆ ಹೋದಂಗೆ ಆಗ್ತೈತೆ. ನೆಂಟರ ಮನೆಗೆ ಹೋಗಾಕೆ ಯಾವ ಮಾಸ ಅಡ್ಡ ಐತೆ?"

"ಅವ್ವಾ!" ಎಂದ ಈರೇಶ್.

"ನೀನು ಸುಮ್ನಿರಲೇ. ಗಾಳಿ ನೋಡಿ ಮನೆ ಹಿಡಿದೋನು ನೀನು."

ಹೀಗೆ ಅತ್ತೆ, ಸೊಸೆ, ಮಗು ಮೂವರೂ ದಿಬ್ಬದ ಮೇಲಕ್ಕೆ ಬಂದರು. ಒಲೆಯಿಲ್ಲದ ಬಾಡಿಗೆದಾರರನ್ನು ಕಂಡು ಕುಲ್ಸುಮ್ ಬೀ ಸೊಂಟದ ಮೇಲೆ ಕೈಯಿಟ್ಟಳು. "ಯಾ ಅಲ್ಲಾ! ಸಂಕ್ರಾಂತಿ ತನಕ ನಾನೇ ಬೇಯಿಸಿ ಹಾಕ್ಬೇಕಾ ನಿಮ್ಗೆ?"

"ಕಾರ ಕಡಿಮೆ ಹಾಕು ತಾಯಿ," ಎಂದಳು ದೊಡ್ಡಕ್ಕ, ಮೆಟ್ಟಿಲು ಹತ್ತುತ್ತಲೇ.

ನಾಲ್ಕೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಂತಕುಮಾರಿ ಮಾಳಿಗೆಯ ಅಂಚಿಗೆ ಬಂದು ನಿಂತಳು. ಇಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೆಳಗೆ ಅವರ ಬಡಾವಣೆ ಬೂದುಬಣ್ಣದಲ್ಲಿ ಮುಳುಗಿತ್ತು; ನೀರಿನ ಟ್ಯಾಂಕಿನ ತಲೆ, ಏರಿಯ ಮೇಲಿನ ಜಾಲಿಮರಗಳು, ಅದರಾಚೆ ಒಂದು ಗೆರೆಯಷ್ಟು ಕೆರೆ, ಇಷ್ಟೇ ಕಾಣುತ್ತಿದ್ದುದು. ಆ ಹೊಗೆಯೊಳಗೆಲ್ಲೋ ಈರೇಶ್ ಒಬ್ಬನೇ ಇದ್ದ. ಧನುರ್ಮಾಸದಲ್ಲಿ ಮನೆಯಲ್ಲಿ ದೀಪ ತಪ್ಪಬಾರದೆಂದು ಹಟ ಹಿಡಿದು ಉಳಿದಿದ್ದ.

ಫೋನು ಬಡಿದುಕೊಂಡಿತು.

"ಹೆಂಗೈತೆ ಕೂಸು?"

"ಮಲಗೈತೆ."

"ಕೆಮ್ಮು?"

"ನಿನ್ನೆಯಿಂದ ಇಲ್ಲ."

ಅವಳು ಫೋನನ್ನು ಕಿವಿಗೊತ್ತಿಕೊಂಡೇ ಕೋಣೆಯ ಬಾಗಿಲಿಗೆ ಬಂದಳು. ಕೋಣೆಯಲ್ಲಿ ಶಿಲ್ಪಳ ಉಸಿರು ಸದ್ದಿಲ್ಲದೆ ಏರಿ ಇಳಿಯುತ್ತಿತ್ತು. ಆಗ ಫೋನಿನ ಆ ಕಡೆಯಿಂದ ಸಣ್ಣಗೆ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಆ ಸಿಳ್ಳೆ ಕೇಳಿಸಿತು.

"ರೀ, ಉಸಿರು ಎಳ್ಕೊಳ್ರಿ, ನೋಡಾನ."

"ಏನಿಲ್ಲ ಕಣೇ, ಶೀತ."

"ಶೀತಾನಾ? ಇರ್ರಿ, ಬರ್ತೀನಿ," ಎಂದು ಫೋನಿಟ್ಟಳು. ಚಪ್ಪಲಿ ಮೆಟ್ಟಿ, ಮೂಗಿಗೆ ಸೆರಗು ಬಿಗಿದು, ಗೊಣಗುತ್ತ ದಿಬ್ಬ ಇಳಿದಳು.