ಜಲಜಕ್ಕನ ಮೂವತ್ತೇಳು ಕೀ

ಕೀಗಳನ್ನು ಕಂಪ್ಯೂಟರಿಗೆ ಜೋಡಿಸಲು ಊನೊ ಸಾಕೇ? ಕಾಲೇಜಿನಲ್ಲಿ ಬಳಸಿದ ಆ ಸರ್ಕ್ಯೂಟ್ ಬೋರ್ಡು ಡ್ರಾಯರಿನಲ್ಲೇ ಬಿದ್ದಿದೆ. ಆದರೆ ಕಂಪ್ಯೂಟರು ಅದನ್ನು ವಾದ್ಯವೆಂದು ತಾನಾಗಿ ಗುರುತಿಸುವುದಿಲ್ಲ; ನಡುವೆ ದುಭಾಷಿಯ ಹಾಗೆ ಒಂದು ಪ್ರೋಗ್ರಾಂ ಕೂರಬೇಕು. ಪಿಕೊ ಬೋರ್ಡಾದರೆ ವೈರು ಸಿಕ್ಕಿಸಿದ ಕೂಡಲೇ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. ಅದನ್ನೇ ತರಿಸುವುದೇ? ಅಥವಾ ಏನನ್ನೂ ತರಿಸದೆ, ಎಲ್ಲವನ್ನೂ ಮರಳಿ ಹಾರ್ಮೋನಿಯಂ ಪೆಟ್ಟಿಗೆಗೆ ತುಂಬಿ ಜಲಜಕ್ಕನ ಮನೆಗೆ ಮುಟ್ಟಿಸುವುದೇ? ತುಂಬಲು ಪೆಟ್ಟಿಗೆಯಾದರೂ ಎಲ್ಲಿದೆ, ಕೊಯ್ದಾಯಿತಲ್ಲ.

ಸುಜಿತ್ ವಾರದಿಂದ ಇದೇ ಯೋಚನೆಯಲ್ಲಿದ್ದ. ಎಲೆಕ್ಟ್ರಾನಿಕ್ಸ್ ಓದಿ ಕುಂದಾಪುರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುವವನು. ಮನೆಯ ಮೇಜಿನ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಸಾಲಾಗಿ ಕೂತ ಮೂವತ್ತೇಳು ಕೀಗಳು. ಅಂಚು ಹಳದಿಗಟ್ಟಿದ್ದವು. ಅವು ಉಪ್ಪುಂದದ ಜಲಜಕ್ಕನ ಹಾರ್ಮೋನಿಯಂನವು.

ಜಲಜಕ್ಕ ಮೀನು ಮಾರಿ ಬಂದು, ಹುಣಸೆಹುಳಿ ಹಚ್ಚಿ ಕೈ ತಿಕ್ಕಿ ತೊಳೆದು, ಮೂಸಿ ನೋಡಿ ಆಮೇಲೆಯೇ ಹಾರ್ಮೋನಿಯಂ ಮುಟ್ಟುವವರು. ಶನಿವಾರದ ಹೆಂಗಸರ ಭಜನೆಗೆ ಅವರದೇ ಶ್ರುತಿ. ಮಳೆಗಾಲ ಕಳೆದ ಮೇಲೆ ಪೆಟ್ಟಿಗೆ ಹಾಡುವುದು ಬಿಟ್ಟು ಬುಸುಗುಟ್ಟತೊಡಗಿದಾಗ ಸುಜಿತನ ಬಳಿ ಹೊತ್ತು ತಂದಿದ್ದರು. ಅವನು ಬಿಚ್ಚಿ ನೋಡಿದ. ಕಂಪ್ಯೂಟರಿನಲ್ಲಿ ಸಂಗೀತ ಕಟ್ಟಲು ಮಿಡಿ ಕಂಟ್ರೋಲರ್ ಎಂಬ ಕೀಲಿಮಣೆಯೊಂದನ್ನು ಸ್ವಂತವಾಗಿ ಮಾಡುವ ಹುಚ್ಚು ಅವನಿಗೆ ಆಗಲೇ ಹತ್ತಿತ್ತು. ಅದಕ್ಕೆ ಒಪ್ಪುವ ಕೀಗಳು ಎಲ್ಲೂ ಸಿಕ್ಕಿರಲಿಲ್ಲ. ಎರಡು ದಿನ ಬಿಟ್ಟು ಹೇಳಿದ, "ಉಪ್ಪುಗಾಳಿಗೆ ಒಳಗೆಲ್ಲ ಕಿಲುಬು ಹಿಡ್ದಿತ್ತ್ ಅಕ್ಕ. ಇನ್ನ್ ಆತಿಲ್ಲೆ."

ಅವರು ಸ್ವಲ್ಪ ಹೊತ್ತು ಪೆಟ್ಟಿಗೆಯನ್ನು ಸವರಿದರು. "ಒಲೆಗ್ ಹಾಕುಕಿಂತ ನಿನ್ ಕಲಿಕೆಗ್ ಆಯ್ಲಿ. ಇಟ್ಕೊ ಮಗಾ" ಎಂದು ಬರಿಗೈಯಲ್ಲಿ ಹೋದರು.

ಈ ಭಾನುವಾರ ಮಧ್ಯಾಹ್ನ ಅದೇ ಜಲಜಕ್ಕ ಬಾಗಿಲಲ್ಲಿ. ಕೈಯಲ್ಲಿ ಬಾಳೆಲೆ ಮುಚ್ಚಿದ ಬಂಗುಡೆ.

"ಹ್ವಾಯ್, ನನ್ ಪೆಟ್ಟಿ ಎಂತ ಮಾಡ್ದೆ? ಕಾಂಬ."

ಕೂತು ಒಂದು ಕೀ ಒತ್ತಿದರು. ಹಲಗೆ ಟಕ್ ಎಂದಿತು, ಅಷ್ಟೇ.

"ಇದ್ಕೆ ಉಸ್ರೇ ಇಲ್ಯಲಾ."

"ಯಾವ್ ಕೀ ಒತ್ತಿದ್ರಿ ಅಂದೇಳಿ ಇದ್ ಕಂಪ್ಯೂಟರಿಗೆ ಹೇಳುದ್ ಮಾತ್ರ ಅಕ್ಕ. ಸ್ವರ ಅಲ್ಲಿಂದ ಬಪ್ಪುದ್."

"ಹಂಗಾರೆ ಚಾಡಿ ಹೇಳು ಪೆಟ್ಟಿ ಅನ್ನ್." ನಕ್ಕರು. ನಗು ಇಳಿದ ಮೇಲೆ ಕೇಳಿದರು, "ಕಂಪ್ಯೂಟರೇ ಬೇಕಾ? ನನ್ ಮೊಬೈಲಿಗ್ ಹೇಳಿರೆ ಸಾಕಾತಿಲ್ಯಾ? ಮೂರ್ ತಿಂಗ್ಳಾಯ್ತ್, ಭಜನೆಯೊಳ್ಗೆ ಬರೀ ಚಪ್ಪಾಳೆ ತಟ್ಟುದ್ ನಾನ್."

ಬೋರ್ಡಿನ ಪ್ರಶ್ನೆ ಅಲ್ಲಿಗೆ ತೀರಿತು. ನಡುವೆ ದುಭಾಷಿ ಬೇಡುವ ಊನೊ ಅವರ ಮೊಬೈಲಿಗೆ ಒಗ್ಗದು. ಪಿಕೊ ಬಂತು. ಕೀ ಒತ್ತುವುದಕ್ಕೂ ಸ್ವರ ಬರುವುದಕ್ಕೂ ನಡುವಿನ ತಡ ಕಿವಿಗೆ ತಿಳಿಯದಷ್ಟು ಇಳಿಯುವವರೆಗೆ ಅವನು ಬಿಡಲಿಲ್ಲ. ಕಾಲ ಬುಡದಲ್ಲಿ ಬಿಸ್ಕತ್ತಿನ ಡಬ್ಬ, ಒಳಗೆ ಆ ಹಾರ್ಮೋನಿಯಂನ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳು. ಒಂದನ್ನು ತುಟಿಗಿಟ್ಟು ಊದಿದ. ಶುದ್ಧ ಸ್ವರ. ಬೇಗ ಡಬ್ಬ ಮುಚ್ಚಿದ.

ಶನಿವಾರ ಭಜನೆಯಲ್ಲಿ ಜಲಜಕ್ಕ ನುಡಿಸಿದರು. ಮೊಬೈಲಿನಿಂದ ಹಾರ್ಮೋನಿಯಂ ಸ್ವರ ಹೊರಟಿತು. ಬಲಗೈ ಕೀಗಳ ಮೇಲೆ ಓಡುತ್ತಿದ್ದರೆ ಎಡಗೈ ಹಲಗೆಯ ಹಿಂದೆ, ತಿದಿಯಿದ್ದ ಜಾಗದಲ್ಲಿ, ಖಾಲಿ ಗಾಳಿಯನ್ನು ಒತ್ತಿ ಬಿಡುತ್ತಿತ್ತು.

"ಜಲಜಕ್ಕ, ಅಲ್ಲೆಂತ ನುಸಿ ಓಡಿಸ್ತ್ರ್ಯಾ?" ಪಕ್ಕದ ರತ್ನ ಕೆಣಕಿದಳು.

"ರೂಢಿ ಮಾರಾಯ್ತಿ. ಗಾಳಿ ಹಾಕ್ದೆ ಬೆರಳ್ ಓಡುದಿಲ್ಲೆ."

ಮುಗಿದ ಮೇಲೆ ಅವರು ಸುಜಿತನನ್ನು ಎಲ್ಲರೆದುರು ಕರೆದು ಮೊದಲ ಪ್ರಸಾದ ಅವನ ಕೈಗಿಟ್ಟರು. "ಸತ್ತದ್ದನ್ನ್ ಎಬ್ಬಿಸ್ದ ಹುಡ್ಗ" ಎಂದರು. ಅವನು ತಲೆ ತಗ್ಗಿಸಿದ. ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು.

ತಿದಿಯ ಚರ್ಮ ಒಂದು ಕಡೆ ಹರಿದಿದ್ದು ಬಿಟ್ಟರೆ ಹಾರ್ಮೋನಿಯಂಗೆ ಏನೂ ಆಗಿರಲಿಲ್ಲ ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ.