ಅರವತ್ತಾರನೇ ಹೆದ್ದಾರಿಯ ನೀರಿನ ಚೀಲ

ನಾನು ಒಂದು ನೀರಿನ ಚೀಲ. ಚರ್ಮದ್ದಲ್ಲ, ರಬ್ಬರಿನದೂ ಅಲ್ಲ, ಅಗಸೆ ನಾರಿನ ದಪ್ಪ ಬಟ್ಟೆಯದು. ಅಮೆರಿಕದ ಟೆಕ್ಸಾಸ್‌ನಲ್ಲಿ ಡೇರೆ ಹೊಲಿಯುವ ಅಂಗಡಿಯೊಂದರಲ್ಲಿ ಹುಟ್ಟಿದೆ. ಹೊಲಿದಾಕೆ ನನ್ನ ಬಾಯಿಗೆ ಮರದ ಬಿರಡೆ ಸಿಕ್ಕಿಸಿ, ಹೆಗಲಿಗೆ ಹಗ್ಗ ಕಟ್ಟಿ, ಮಗುವನ್ನು ಎತ್ತಿದ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ನನ್ನ ಮೈ ಸದಾ ಸ್ವಲ್ಪ ಬೆವರುತ್ತಿರಬೇಕು. ಆ ಬೆವರು ಗಾಳಿಗೆ ಆರಿದಷ್ಟೂ ಒಳಗಿನ ನೀರು ತಂಪು, ನಿಮ್ಮ ಮಣ್ಣಿನ ಹರವಿಯ ಹಾಗೆಯೇ.

ಷಿಕಾಗೋದಿಂದ ಪಶ್ಚಿಮದ ಸಮುದ್ರದವರೆಗೆ ಅರವತ್ತಾರನೇ ನಂಬರಿನ ಹೆದ್ದಾರಿ ಹೋಗುತ್ತಿತ್ತು. ಅದರಲ್ಲಿ ಮರುಭೂಮಿ ದಾಟುವವರು ನನ್ನಂಥವರನ್ನು ಕಾರಿನ ಮೂತಿಗೆ ನೇತುಹಾಕುತ್ತಿದ್ದರು. ಹಾಗಾಗಿ ಯಾವ ಊರು ಬಂದರೂ ಕಾರಿನೊಳಗಿದ್ದವರಿಗಿಂತ ಮೊದಲು ನೋಡುವುದು ನಾನೇ!

ನನ್ನ ಮೊದಲ ಯಜಮಾನ ಹಾರ್ಲನ್ ಊರೂರು ತಿರುಗಿ ಕನ್ನಡಕ ಮಾರುವವನು. ಅವನ ಜೊತೆ ಏನೇನು ನೋಡಿದೆ! ಮಿಸಿಸಿಪ್ಪಿ ನದಿಯ ಮೇಲೆ ಅರ್ಧದಲ್ಲೇ ಮೊಣಕೈಯಂತೆ ಬಾಗಿದ ಸೇತುವೆ. ಮಿಸ್ಸೂರಿಯ ಗುಹೆಯ ಬಾಗಿಲಲ್ಲಿ ಬೇಸಿಗೆಯಲ್ಲೂ ಮೈ ಜುಮ್ಮೆನಿಸುವ ತಣ್ಣನೆ ಗಾಳಿ. ಕತ್ತಲಾಗುತ್ತಲೇ ಊರಿಗೆ ಊರೇ ಬಣ್ಣದ ದೀಪ ತೊಟ್ಟು ಕರೆಯುವ ಟುಕುಮ್‌ಕ್ಯಾರಿ. ದಾರಿಯಲ್ಲಿ ಯಾರ ಕಾರು ಹೊಗೆ ಉಗುಳುತ್ತ ನಿಂತಿದ್ದರೂ ಹಾರ್ಲನ್ ನಿಲ್ಲಿಸುತ್ತಿದ್ದ. ಮೊದಲು ಅವರ ಮಕ್ಕಳಿಗೆ ನೀರು, ಆಮೇಲೆ ಅವರ ಕಾರಿಗೆ. ಎಷ್ಟು ಜನರ ತುಟಿ ನನ್ನ ಬಾಯಿಗೆ ತಾಗಿತೋ!

ಕನ್ನಡಕ ಮಾರುವವನಿಗೇ ಕಣ್ಣು ಮಂಜಾದಾಗ ಅವನು ಷಿಕಾಗೋದಲ್ಲಿ ಕಾರು ಮಾರಿದ. ಕೊಂಡವನು ಬಾಗಲಕೋಟೆಯ ಸಂಗನಬಸಪ್ಪ, ಅಲ್ಲಿ ಭೂವಿಜ್ಞಾನ ಓದುತ್ತಿದ್ದ. ಅವನ ಹೆಂಡತಿ ನೀಲಾಂಬಿಕೆ ಆಗಷ್ಟೇ ಊರಿನಿಂದ ಬಂದಿದ್ದಳು. ಅವಳ ಅಕ್ಕ ಗೌರಕ್ಕ ಲಾಸ್ ಏಂಜಲೀಸ್‌ನಲ್ಲಿ ವೈದ್ಯಕೀಯ ಓದು ಮುಗಿಸಿ, ಹಡಗು ಹತ್ತಿ ಬಾಗಲಕೋಟೆಗೆ ಮರಳುವವಳಿದ್ದಳು. ತಂಗಿಯ ಮದುವೆಗೂ ಬರಲಾಗದೆ ಹೋದ ಅಕ್ಕ. ಈ ಹಡಗು ಹೋಯಿತೆಂದರೆ ಮತ್ತೆ ಎಷ್ಟು ವರ್ಷಕ್ಕೋ! ಹೇಗಾದರೂ ಅವಳ ಮುಖ ನೋಡಬೇಕೆಂದು ಇಬ್ಬರೂ ಹೊರಟರು. ಮುಂದೆ ನಾನು.

ಸಂಗನಬಸಪ್ಪನಿಗೆ ಕಲ್ಲು ಕಂಡರೆ ಕಾರು ನಿಲ್ಲಲೇಬೇಕು. ಅರಿಜೋನಾದಲ್ಲಿ ಮರಗಳೇ ಕಲ್ಲಾಗಿ ಬಿದ್ದ ಬಯಲಿದೆ. ಕೆಂಪು, ನೇರಳೆ, ಅರಿಸಿನ ಬಣ್ಣದ ಕಲ್ಲಿನ ದಿಮ್ಮಿಗಳು ಬಿಸಿಲಿಗೆ ಥಳಥಳಿಸುತ್ತಿದ್ದವು! ಅವನು ಅವುಗಳ ಸುತ್ತ ಮೊಣಕಾಲೂರಿ ಹರಿದಾಡತೊಡಗಿದ. ನೀಲಾ ಬಹಳ ಹೊತ್ತು ತಡೆದುಕೊಂಡಳು.

“ಏನ್ರೀ, ಈ ಕಲ್ಲು ಕೋಟ್ಯಂತರ ವರ್ಷದಿಂದ ಇಲ್ಲೇ ಬಿದ್ದಾವ. ಇನ್ನೂ ಬಿದ್ದಿರತಾವ. ಅಕ್ಕನ ಹಡಗು ಹಂಗ ನಿಂದ್ರೂದಿಲ್ಲ.”

ಅವನು ಪೆಚ್ಚಾಗಿ ಮಂಡಿಯ ಧೂಳು ಕೊಡವಿಕೊಂಡು ಬಂದ.

ಆ ರಾತ್ರಿ ತಂಗಿದ್ದು ಡೇರೆಯ ಆಕಾರದಲ್ಲಿ ಕಟ್ಟಿದ ಪುಟ್ಟ ಪುಟ್ಟ ಕೋಣೆಗಳಲ್ಲಿ. ಡೇರೆ ಅಂಗಡಿಯಲ್ಲಿ ಹುಟ್ಟಿದ ನನಗೆ ಬಳಗ ಸಿಕ್ಕಂತಾಯಿತು! ಅಲ್ಲಿ ಪಕ್ಕದ ಕೋಣೆಯವನೊಬ್ಬ ನನ್ನನ್ನು ಎತ್ತಿ ಬಾಯಿಗಿಟ್ಟು ಗಟಗಟ ಕುಡಿದುಬಿಟ್ಟ. ನೀಲಾ ನೋಡಿದಳು. ಎಂಜಲಾದ ನನ್ನನ್ನು ಬೆಳಗಿನ ಜಾವ ಎದ್ದು ಊರಿನಿಂದ ತಂದ ಸೀಗೆಪುಡಿ ಹಾಕಿ ಒಳಗೂ ಹೊರಗೂ ತಿಕ್ಕಿ ತೊಳೆದಳು. ನೊರೆ ಹೋಯಿತೆಂದೇ ಅವಳು ತಿಳಿದಳು. ಆದರೆ ನನ್ನ ನಾರು ಸೀಗೆಯನ್ನು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಮೊಹಾವಿ ಮರುಭೂಮಿಯ ನಡುವೆ ಕಾರು ಕುದಿಯಿತು. ಸಂಗನಬಸಪ್ಪ ಅದು ಆರುವವರೆಗೆ ಕಾದು, ನನ್ನ ನೀರನ್ನೆಲ್ಲ ರೇಡಿಯೇಟರಿಗೆ ಸುರಿದು, ಎಂಜಿನ್ ಚಾಲೂ ಮಾಡಿದ. ಉಕ್ಕಿತು ನೋಡಿ ನೊರೆ! ಒಲೆಯ ಮೇಲಿನ ಹಾಲಿನಂತೆ ಬುಸುಬುಸು ಏರಿ ಕಾರಿನ ಮುಖವೆಲ್ಲ ಬೆಳ್ಳಗಾಯಿತು.

“ನಮ್ಮ ಕಾರಿಗೆ ದೀಪಾವಳಿ ಜಳಕ ಆತು ನೋಡು,” ಎಂದ ಅವನು, ಅವಳನ್ನು ನಗಿಸಲು.

ಅವಳು ನಗಲಿಲ್ಲ. ರಸ್ತೆಯ ಅಂಚಿಗೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕುಡಿಯಲೂ ನೀರಿಲ್ಲ, ಕಾರಿಗೂ ಇಲ್ಲ, ಹೊತ್ತು ಏರುತ್ತಿತ್ತು.

ಆಗ ಎದುರಿನಿಂದ ಒಂದು ಹಳೆಯ ಲಾರಿ ಬಂತು. ಅದರ ತುಂಬ ಕಲ್ಲಂಗಡಿ. ಓಡಿಸುತ್ತಿದ್ದವಳು ಲೊರೆನಾ ಎಂಬ ಮುದುಕಿ. ನೊರೆ ನೋಡಿದ್ದೇ ಅವಳು ಲಾರಿ ನಿಲ್ಲಿಸಿದಳು. ತನ್ನ ಕ್ಯಾನುಗಳನ್ನು ಇಳಿಸಿ, ರೇಡಿಯೇಟರನ್ನು ಖಾಲಿ ಮಾಡಿಸಿ, ತೊಳೆದು, ಮತ್ತೆ ತುಂಬಿದಳು. ಆಮೇಲೆ ನನ್ನನ್ನು ಜಾಲಿಸಿದಳು, ಮತ್ತೆ ಜಾಲಿಸಿದಳು. ಕಡೆಗೆ ತುಂಬಿ, ಸೀಗೆ ಹೋಯಿತೋ ಇಲ್ಲವೋ ನೋಡಲು ತಾನೇ ಬಾಯಿಟ್ಟು ಒಂದು ಗುಟುಕು ಕುಡಿದಳು.

“ಈಗ ಸರಿಯಿದೆ. ಕುಡಿ ಮಗಳೇ,” ಎಂದು ನೀಲಾಳ ಕೈಗೆ ಕೊಟ್ಟಳು.

ಭಾಷೆ ಪೂರ್ತಿ ತಿಳಿಯದಿದ್ದರೂ ನೀಲಾಳಿಗೆ ಅರ್ಥವಾಯಿತು. ನನ್ನ ಒದ್ದೆ ಬಾಯನ್ನೇ ಒಂದು ಕ್ಷಣ ನೋಡಿದಳು. ಎತ್ತಿ ಸುರಿದುಕೊಳ್ಳಲಿಲ್ಲ, ಒರೆಸಲೂ ಇಲ್ಲ. ತುಟಿಯಿಟ್ಟು ಕುಡಿದಳು. ಕುಡಿಯುತ್ತಲೇ ಅವಳ ಕಣ್ಣು ತುಂಬಿ ಬಂತು.

ಆಮೇಲಿನ ಓಟ ಏನು ಹೇಳಲಿ! ಗಾಳಿ ನನ್ನನ್ನು ಬಡಿದು ಬಡಿದು ಕುಣಿಸಿತು. ಲಾಸ್ ಏಂಜಲೀಸ್ ಬಂತು. ನೇರ ಹೋದರೆ ಹೆದ್ದಾರಿ ಸಮುದ್ರ ಮುಟ್ಟಿ ಮುಗಿಯುವ ಜಾಗ. ಷಿಕಾಗೋದಿಂದಲೂ ಸಂಗನಬಸಪ್ಪ ಅದರ ಮಾತನ್ನೇ ಆಡುತ್ತ ಬಂದಿದ್ದ. ಆದರೆ ಅತ್ತ ತಿರುಗಿಯೂ ನೋಡದೆ ಕಾರನ್ನು ಬಂದರಿನ ದಾರಿಗೆ ಹೊರಳಿಸಿದ.

ಎಲ್ಲರೂ ಹಡಗು ಹತ್ತಿಯಾಗಿತ್ತು. ಗೌರಕ್ಕ ಒಬ್ಬಳೇ ಏಣಿಯ ಬುಡದಲ್ಲಿ, ಹಡಗಿನವರು ಗದರುತ್ತಿದ್ದರೂ ಕದಲದೆ ನಿಂತಿದ್ದಳು. ತಂಗಿ ಓಡಿಹೋಗಿ ಅಪ್ಪಿಕೊಂಡಳು. ಅಳುತ್ತಲೇ ಸೀಗೆಯ ಕತೆ ಹೇಳಿದಳು. ಗೌರಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಕೊಡಲು ಬೇರೇನೂ ಕೈಗೆ ಸಿಗದೆ ನೀಲಾ ಕಾರಿನ ಮೂತಿಯಿಂದ ನನ್ನನ್ನು ಬಿಚ್ಚಿ ತಂದು ಅಕ್ಕನ ಹೆಗಲಿಗೆ ಹಾಕಿದಳು.

“ತಂಪ ನೀರ ಅದಾವ. ಕುಡಕೋತ ಹೋಗು.”

ಹೀಗೆ ನಾನು ಬಾಗಲಕೋಟೆಗೆ ಬಂದೆ. ಗೌರಕ್ಕನ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಬಹಳ ವರ್ಷ ತೂಗಿದೆ. ಒಳಗೆ ನೋವು ತಿನ್ನುವವರಿಗೂ ಹೊರಗೆ ಕಾಯುವವರಿಗೂ ನೀರು ಕೊಟ್ಟೆ. ಈಗ ನಾರು ಜೂಲಾಗಿದೆ, ಹನಿ ನೀರೂ ನಿಲ್ಲದು. ಔಷಧಿ ಕಪಾಟಿನ ಮೇಲೆ ಮಡಚಿ ಇಟ್ಟಿದ್ದಾರೆ.

ಆ ಹೆದ್ದಾರಿಯ ಕೊನೆಯನ್ನು ನಾನು ಕಡೆಗೂ ನೋಡಲಿಲ್ಲ. ಆ ದಾರಿಯಲ್ಲಿ ನೋಡಬೇಕಾದ ಜಾಗ ಯಾವುದೆಂದು ಕೇಳಿದರೆ ಗುಹೆಯನ್ನೋ ಕಲ್ಲಿನ ಕಾಡನ್ನೋ ಹೇಳಬಹುದು. ಆದರೆ ನನ್ನ ಮನಸ್ಸು ಹೋಗುವುದು ಸಂಗನಬಸಪ್ಪ ಸಮುದ್ರ ಬಿಟ್ಟು ಬಂದರಿಗೆ ಕಾರು ತಿರುಗಿಸಿದ ಆ ಸಾಮಾನ್ಯ ಮೂಲೆಗೆ. ಅದನ್ನೂ ಎಲ್ಲರಿಗಿಂತ ಮೊದಲು ನೋಡಿದ್ದು ನಾನೇ.