ಬಲಕ್ಕೆ ಬಿದ್ದ ಹೂವು

ಗೇಮ್ ಆಡಲೆಂದೇ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟ ಕೊಟ್ರೇಶನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಹಳೆಯ ಪ್ರೊಸೆಸರ್ ಪೆಂಟಿಯಂ ಫೋರ್‌ನ ಮೇಲೆ ವೇಗ ಮೂರು ಗಿಗಾಹರ್ಟ್ಸ್ ಎಂದು ಬರೆದಿತ್ತು. ಹೊಸ ಕೋರ್ ಟೂ ಡ್ಯುಯೊದ ಮೇಲೆ ಎರಡು ಗಿಗಾಹರ್ಟ್ಸ್ ಕೂಡ ಇರಲಿಲ್ಲ. ಆದರೂ ಹೊಸದೇ ಜೋರಾಗಿ ಓಡುತ್ತದಂತೆ!

"ಎರಡಕ್ಕಿಂತ ಮೂರು ದೊಡ್ಡದಲ್ವಾ ಅಣ್ಣ?" ಎಂದು ವಿಜಯನಗರದ ಅಂಗಡಿಯವನನ್ನು ಕೇಳಿದರೆ, "ಇದ್ರಲ್ಲಿ ಹಂಗಲ್ಲ ಗುರು. ಸ್ವಲ್ಪ ಕಾದ್ರೆ ಇನ್ನೂ ಹೊಸದು ಬರತ್ತೆ" ಎಂದು ಆ ಪುಣ್ಯಾತ್ಮ ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದ.

ಮಗ ಊಟ ಬಿಟ್ಟು ಕೂತದ್ದನ್ನು ನೋಡಲಾರದೆ ತಾಯಿ ಜಗದಾಂಬಾ ಅತ್ತಿಗುಪ್ಪೆಯ ಗುಡಿಗೆ ಹೊರಟರು. ಸೈಟಿರಲಿ, ಸಂಬಂಧವಿರಲಿ, ಅವರ ಮನೆಯಲ್ಲಿ ವೀರಭದ್ರನದೇ ಕೊನೆಯ ಮಾತು: ಮೂರ್ತಿಯ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ.

"ಬಲಕ್ಕೇ ಬಿತ್ತು ಕಣೋ!" ಎನ್ನುತ್ತ ಮರಳಿದರು.

ಕೊಟ್ರೇಶ ದಡಕ್ಕನೆ ಎದ್ದ. "ಯಾವುದನ್ನ ಕೇಳ್ದೆ ಅಮ್ಮ? ಹಳೇದನ್ನೋ, ಹೊಸದನ್ನೋ?"

"ಆ ಹೆಸರೆಲ್ಲ ನನ್ನ ಬಾಯಿಗೆಲ್ಲಿ ಬರತ್ತೆ? ಮಗನ ಮನಸ್ಸಲ್ಲಿರೋದನ್ನೇ ಕೊಡಿಸ್ಲಾ ಅಂತ ಕೇಳ್ದೆ. ಕೊಡ್ಸು ಅಂದ." ಜಗದಾಂಬಾ ಹೂವನ್ನು ಮಗನ ಕಣ್ಣಿಗೊತ್ತಿದರು. "ಈಗ ಹೇಳು, ನಿನ್ನ ಮನಸ್ಸಲ್ಲಿರೋದು ಯಾವುದು?"